ಗೌರವ್ವನ ಲಾವಣಿ, ನನ್ನ ವಾಯ್ಸ್ ಓವರ್

ಅಥಣಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ನೆತ್ತಿಗೇರಿ ನಾನು ಕೆಮ್ಮಿದ ಕೆಮ್ಮಿಗೆ ಪಕ್ಕದ ಟೇಬಲ್ಲಿನವರು ಎದ್ದು ನಿಂತರು. ಒಬ್ಬರು ಬೆನ್ನಿಗೆ ಗುದ್ದಿದರು. ಇನ್ನೊಬ್ಬರು ನೀರು ತಂದರು. ತಪ್ಪು ಚಹಾದ್ದಲ್ಲ. ಎದುರಿಗೆ ಕುಳಿತಿದ್ದ ಗೌರವ್ವ ಆಡಿದ ಒಂದೇ ಒಂದು ಶಬ್ದದ್ದು.

ಯಾವ ಶಬ್ದ ಅಂತೀರಾ? ‘ಲಾವಣಿ.’

ನೀವು ನಗುತ್ತೀರಿ, ಗೊತ್ತು. ಲಾವಣಿ ಅಂದರೆ ಡಪ್ಪು ಬಡಿದು ಹಾಡುವ ಹಾಡು, ಅದಕ್ಕೇಕೆ ಈ ಮೇಷ್ಟ್ರು ಕೆಮ್ಮಬೇಕು? ತಡೆಯಿರಿ. ಮೊದಲು ಗೌರವ್ವ ಯಾರು ಅಂತ ಹೇಳುತ್ತೇನೆ.

ಗೌರವ್ವ ಕೃಷ್ಣೆಯ ದಡದ ಸತ್ತಿ ಊರಿನವಳು. ಅವಳ ಮಗಳು ನಮ್ಮ ಹೈಸ್ಕೂಲಿನಲ್ಲಿ ಒಂಬತ್ತನೇ ಇಯತ್ತೆ ಓದುತ್ತಾಳೆ, ನನಗೆ ಪರಿಚಯವಾದದ್ದು ಹಾಗೆ. ಗಂಡ, ಊರ ಧಣಿ ಅಪ್ಪಾಸಾಹೇಬರ ಹೊಲದಲ್ಲಿ ಕಬ್ಬು ಬೆಳೆಯುತ್ತಿದ್ದ. ಅವನು ತೀರಿಕೊಂಡಾಗ, ಇನ್ನು ಇವಳು ಹೊಲ ಬಿಟ್ಟು ಕೂಲಿಗೆ ಹೋಗುತ್ತಾಳೆ ಅಂತ ಊರು ತೀರ್ಮಾನ ಮಾಡಿತ್ತು. ಇವಳು ಬಿಡಲಿಲ್ಲ. ಸೀರೆ ಎತ್ತಿ ಕಟ್ಟಿ, ನೀರು ಹಾಯಿಸಿ, ಗೊಬ್ಬರ ಹೊತ್ತು, ಏಳು ವರ್ಷ ಅದೇ ಹೊಲದಲ್ಲಿ ಕಬ್ಬು ತೆಗೆದಳು. ಮಾತು ಕಡಿಮೆ, ಕೆಲಸ ಜಾಸ್ತಿ.

ಅಂಥವಳು ಅಂದು ಹೋಟೆಲಿನ ಬಾಗಿಲಲ್ಲೇ ಕೂಗಿದಳು.

“ಸರ, ನಾ ಟೀವ್ಯಾಗ ಬರ್ತೀನ್ರಿ! ಮುಂದಿನ ವಾರ, ಗುರುವಾರ ಸಂಜಿಕ!”

“ಅರೆ ವಾ! ಬಾ, ಕೂಡು. ಚಾ ಕುಡಿ. ಟೀವ್ಯಾಗ ಏನ್ ಹೇಳಿದೆವ್ವಾ?”

“ಬೆಂಗಳೂರಾವ್ರು ಕ್ಯಾಮೆರಾ ತಗೊಂಡ ಹೊಲಕ್ಕ ಬಂದಿದ್ರು. ಏನ್ ಮಾಡ್ತೀರಮ್ಮಾ ಅಂದ್ರು. ಲಾವಣಿ ಮಾಡ್ತೀನ್ರಿ, ಏಳ ವರ್ಷ ಆತು ಅಂದ್ನಿ.”

ಕೆಮ್ಮು ಬಂದದ್ದು ಇಲ್ಲಿ.

ಯಾಕೆಂದರೆ ನಮ್ಮ ಕಡೆ ಲಾವಣಿ ಅಂದರೆ ಬರೀ ಹಾಡಲ್ಲ. ಇನ್ನೊಬ್ಬರ ಹೊಲವನ್ನು ಗುತ್ತಿಗೆಗೆ ಹಿಡಿದು ಬೇಸಾಯ ಮಾಡುವುದಕ್ಕೂ ಲಾವಣಿ ಅಂತಲೇ ಅನ್ನುತ್ತಾರೆ. ‘ಅವರ ಹೊಲ ಇವರು ಲಾವಣಿ ಮಾಡ್ಯಾರ’ ಅಂದರೆ ಯಾರೂ ಡಪ್ಪು ಹುಡುಕುವುದಿಲ್ಲ. ಬೆಂಗಳೂರಿನವರಿಗೆ ಇದು ಹೇಗೆ ಗೊತ್ತಾಗಬೇಕು?

ಅವರಿಗೆ ಗೊತ್ತಾಗಿರಲಿಲ್ಲ ಅನ್ನುವುದು ನನಗೆ ಖಾತ್ರಿಯಿತ್ತು. ಯಾಕೆಂದರೆ ಆ ಚಿತ್ರಕ್ಕೆ ದನಿ ಕೊಟ್ಟವನು ನಾನೇ.

ಹೌದು ಸ್ವಾಮಿ, ನಾನೇ. ಐದು ದಿನ ಮೊದಲು ನಿಪ್ಪಾಣಿಯ ಒಂದು ಸಣ್ಣ ಸ್ಟುಡಿಯೋದಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಗಂಟಲು ಸರಿಮಾಡಿಕೊಂಡು, ನಾನು ಓದಿದ ಸಾಲು ಇದು: “ಕೃಷ್ಣೆಯ ದಡದ ಈ ಮಹಿಳೆಗೆ ಲಾವಣಿಯೇ ಉಸಿರು. ಪತಿಯಿಂದ ಬಂದ ಈ ಕಲೆಯನ್ನು ಏಳು ವರ್ಷಗಳಿಂದ ಆಕೆ ತಪಸ್ಸಿನಂತೆ ಆಚರಿಸುತ್ತಿದ್ದಾಳೆ.” ‘ತಪಸ್ಸಿನಂತೆ’ ಅನ್ನುವಲ್ಲಿ ದನಿಯನ್ನು ಸ್ವಲ್ಪ ನಡುಗಿಸಿದ್ದೆ ಕೂಡ. ಎರಡನೇ ಟೇಕೇ ಬೇಕಾಗಲಿಲ್ಲ.

ನನ್ನ ದನಿಯ ಬಗ್ಗೆ ನಿಮಗೆ ಗೊತ್ತಿರುವುದೇ. ಅಥಣಿಯಲ್ಲಿ ಮೈಕ್ ಇದ್ದಲ್ಲಿ ನಾನಿರುತ್ತೇನೆ. ಕಬಡ್ಡಿ ಪಂದ್ಯವಿರಲಿ, ಗಣಪತಿ ಉತ್ಸವವಿರಲಿ, ಬಹುಮಾನ ವಿತರಣೆಯಿರಲಿ, ‘ಹಲೋ, ಮೈಕ್ ಟೆಸ್ಟಿಂಗ್’ ಅನ್ನುವುದು ನನ್ನ ಜನ್ಮಸಿದ್ಧ ಹಕ್ಕು. (ಮನೆಯಲ್ಲಿ ಇದಕ್ಕೆ ಬೇರೆ ಹೆಸರಿದೆ. ಹೇಳುವುದಿಲ್ಲ.) ಹೀಗಿರುವಾಗ ಟೀವಿಯವರಿಗಾಗಿ ಚಿತ್ರ ಮಾಡುವ ಬೆಂಗಳೂರಿನ ನಿರ್ದೇಶಕರೊಬ್ಬರು ಬಂದು, “ಸಾರ್, ನದಿ ದಡದ ಮಹಿಳೆಯರ ಬಗ್ಗೆ ಒಂದು ಡಾಕ್ಯುಮೆಂಟರಿ. ನಿಮ್ಮ ವಾಯ್ಸ್ ಬೇಕು” ಅಂದರೆ ಬೇಡ ಅನ್ನಲು ನಾನೇನು ಸನ್ಯಾಸಿಯೇ?

ಕೈಗೆ ಹಾಳೆಗಳು ಬಂದವು. ಹಾಳೆಯಲ್ಲಿ ಹೆಸರಿರಲಿಲ್ಲ, ಊರಿರಲಿಲ್ಲ. ಚಿತ್ರ ತೋರಿಸಲಿಲ್ಲ. ಮೊದಲು ದನಿ ಹಿಡಿದುಕೊಳ್ಳುತ್ತೇವೆ, ಆಮೇಲೆ ಚಿತ್ರಕ್ಕೆ ಹೊಂದಿಸುತ್ತೇವೆ ಅಂದರು. ‘ಕೃಷ್ಣೆಯ ದಡದ ಮಹಿಳೆ’ ಅಂದರೆ ಯಾರೋ ಹಾಡುವ ಹೆಂಗಸಿರಬೇಕು ಅಂದುಕೊಂಡೆ. ಮೈಕ್ ಮುಂದೆ ನಿಂತಾಗ ನನಗೆ ಶಬ್ದದ ಅರ್ಥಕ್ಕಿಂತ ಅದರ ನಾದವೇ ಹೆಚ್ಚು ಕೇಳಿಸುತ್ತದೆ.

ಸ್ಟುಡಿಯೋದ ಸೌಂಡ್ ಮಾಡುವವನು ಸುಭಾಷ ಅಂತ, ನಿಪ್ಪಾಣಿಯವನೇ, ಮನೆಮಾತು ಮರಾಠಿ. ಆ ಸಾಲು ಓದಿದಾಗ ಗಾಜಿನ ಆಚೆ ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದ.

“ಸರ, ಈ ಹೆಣಮಗಳು ತಮಾಶಾದಾಗ ಕುಣಿತಾಳೇನ್ರಿ? ಘುಂಗರೂ ಕಟ್ಕೊಂಡು?”

ಮರಾಠಿಯವರಿಗೆ ಲಾವಣಿ ಅಂದರೆ ಅದೇ ತಮಾಶಾ ಆಟದ ಕುಣಿತ ತಾನೆ? ಗೆಜ್ಜೆ, ಸೀಟಿ, ತಲೆಯಿಂದ ಬಿಚ್ಚಿ ಮೇಲೆ ಹಾರಿಸುವ ಪಟಕಾ. ನಾನು ಅವನಿಗೆ ಕಣ್ಣು ಬಿಟ್ಟೆ. “ಜಾನಪದ ಕಲಾ ಐತಿ ಅದು, ನಗಬ್ಯಾಡ” ಅಂತ ಗದರಿಸಿಯೂ ಬಿಟ್ಟೆ. ಈಗ ಹೋಟೆಲಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಗುರುವಾರ ಸಂಜೆ ಗೌರವ್ವ ಪರದೆಯ ಮೇಲೆ ಬರುತ್ತಾಳೆ. ಬೆಂಗಳೂರಿನವರಿಗೆ ಅವಳು ಹಾಡುಗಾರ್ತಿ. ನಿಪ್ಪಾಣಿಯವರಿಗೆ ತಮಾಶಾದವಳು. ಸತ್ತಿಯವರಿಗೆ? ಬದುಕಿರುವವರೆಗೂ ನಗೆಪಾಟಲು.

ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತೇನೋ. ಗೌರವ್ವ ಚಹಾವನ್ನು ಕಪ್ಪಿನಿಂದ ಬಸಿಗೆ ಬಗ್ಗಿಸಿಕೊಂಡು ಇನ್ನೊಂದು ವಿಷಯ ಹೇಳಿದಳು.

“ಅಪ್ಪಾಸಾಬ್ ಧಣ್ಯಾರು ಈ ಕಬ್ಬ ಹೋದ ಮ್ಯಾಲ ಹೊಲಾ ಬಿಡು ಅಂದಾರ್ರಿ. ಗಂಡಸರಿಲ್ಲದ ಮನಿ, ಲಾವಣಿ ಸಾಗೂದಿಲ್ಲ ಅಂತಾರ. ಏಳ ವರ್ಷ ಆತು, ಏನರ ಹೇಳಾಕ ಹೋದ್ರ ನನ್ನ ಮಾತ ಮುಗಿಯೂಕಿಂತ ಮೊದಲ ಎದ್ದ ಹೊಕ್ಕಾರ. ಅದಕ್ಕ ಅವರಿಗೆ ಹೇಳೂದೆಲ್ಲಾ ಕ್ಯಾಮೆರಾಕ್ಕ ಹೇಳೀನಿ. ಊರಾಗ ದೊಡ್ಡ ಟೀವಿ ಇರೂದು ಅವರ ಮನ್ಯಾಗ. ಗುರುವಾರ ಅಲ್ಲೇ ಎಲ್ಲಾರೂ ಕೂಡ್ತಾರ. ಆಗ ಹೆಂಗ ಎದ್ದ ಹೊಕ್ಕಾರ ನೋಡೂಣು!”

ಎಂಥ ಬುದ್ಧಿ ನೋಡಿ! ಧಣಿಗೆ ಹೇಳಬೇಕಾದ ಮಾತನ್ನು ಬೆಂಗಳೂರಿಗೆ ಕಳಿಸಿ, ಅಲ್ಲಿಂದ ಧಣಿಯ ಪಡಸಾಲೆಗೇ ಇಳಿಸುವ ಹೆಂಗಸು. ಅವಳ ಹೊಲ ಉಳಿಯುವುದು ಆ ಮಾತಿನ ಮೇಲೆ ನಿಂತಿತ್ತು. ಆ ಮಾತಿನ ಮೇಲೆ ನಾನು ಕುಳಿತಿದ್ದೆ, ನನ್ನ ನಡುಗುವ ‘ತಪಸ್ಸಿನ’ ಸಮೇತ.

ಆ ದನಿ ನನ್ನದೇ ಅಂತ ಅವಳಿಗೆ ಹೇಳದೆ, ಚಹಾದ ದುಡ್ಡು ಕೊಟ್ಟು ಎಸ್ಟೀಡಿ ಬೂತಿಗೆ ಓಡಿದೆ. ಧೈರ್ಯ ಬರಲಿಲ್ಲ ಅನ್ನುವುದೇ ನಿಜ.

ವಾಯ್ಸ್ ಓವರ್ ಅಂದರೇನು ಅಂತ ಕೆಲವರು ಕೇಳಬಹುದು. ಸುಲಭ. ಮಾತಾಡುವವನು ಕಾಣುವುದಿಲ್ಲ, ಕಾಣುವವನು ಮಾತಾಡುವುದಿಲ್ಲ. ಸಿನಿಮಾದಲ್ಲಿ ಹೀರೋ ಕೆರೆಯ ದಂಡೆಯಲ್ಲಿ ಸುಮ್ಮನೆ ನಿಂತಿರುತ್ತಾನೆ, ಅವನ ಮನಸ್ಸಿನ ಮಾತು ನಮಗೆ ಕೇಳುತ್ತದೆ. ಚಿಕ್ಕಂದಿನಲ್ಲಿ ರಾಯಬಾಗದ ಟೆಂಟಿನಲ್ಲಿ ಇಂಥದ್ದೊಂದು ಸೀನು ಬಂದಾಗ ನೆಲಕ್ಕೆ ಕುಳಿತವರೆಲ್ಲ ಆಪರೇಟರನಿಗೆ ಬೈದದ್ದು ನೆನಪಿದೆ: “ಏ, ಬಾಯಿ ಹಂದ್ಯಾಡವಲ್ದು, ದನಿ ಬರಾಕತ್ತೈತಿ! ರೀಲ್ ಬರೊಬ್ಬರಿ ಹಚ್ಚಲೇ!” ಪಾಪ, ಆಪರೇಟರ್ ರೀಲು ನಿಲ್ಲಿಸಿ ಹೊರಗೆ ಬಂದು ಕೈಮುಗಿದಿದ್ದ.

ಹಾಗೆಯೇ ಸಿನಿಮಾಕ್ಕೆ ಮೊದಲು ಬರುತ್ತಿದ್ದ ಸಮಾಚಾರ ಚಿತ್ರ. ಪ್ರವಾಹ ಬರಲಿ, ಮಂತ್ರಿ ಬರಲಿ, ಅದೇ ಗಡಸು ದನಿ. ಹೊಳೆಯಲ್ಲಿ ಮನೆ ಕಳೆದುಕೊಂಡವನು ಏನೋ ಹೇಳುತ್ತಿರುತ್ತಾನೆ, ತುಟಿ ಅಲುಗುತ್ತಿರುತ್ತದೆ. ಆದರೆ ನಮಗೆ ಕೇಳುವುದು ‘ಪರಿಹಾರ ಕಾರ್ಯ ಭರದಿಂದ ಸಾಗಿದೆ’ ಅನ್ನುವುದಷ್ಟೇ. ಆ ಮನುಷ್ಯ ನಿಜವಾಗಿ ಏನು ಹೇಳುತ್ತಿದ್ದ? ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಆ ಗಡಸು ದನಿಯನ್ನು ಅನುಕರಿಸಿ ಅಭ್ಯಾಸ ಮಾಡುತ್ತಿದ್ದೆ, ಬಚ್ಚಲುಮನೆಯಲ್ಲಿ.

ಇದು ಟೀವಿ, ಸಿನಿಮಾದಲ್ಲಿ ಮಾತ್ರ ಅಂದುಕೊಂಡಿರಾ? ದವಾಖಾನೆಗೆ ಹೋಗಿ ನೋಡಿ. ಡಾಕ್ಟರು ಹೆಂಗಸಿಗೆ, “ಎಲ್ಲಿ ನೋವು?” ಅನ್ನುತ್ತಾರೆ. ಗಂಡ ಹೇಳುತ್ತಾನೆ, “ಹೊಟ್ಟೀರಿ.” “ಯಾವಾಗಿಂದ?” “ಮನ್ನಿಂದ್ರಿ.” ಹೊಟ್ಟೆ ಅವಳದು, ನೋವು ಅವಳದು, ವಾಯ್ಸ್ ಓವರ್ ಅವನದು. ಕನ್ಯೆ ನೋಡಲು ಹೋದಲ್ಲಿ ಹುಡುಗಿಯ ಹೆಸರು ಕೇಳಿದರೆ ಸೋದರಮಾವ ಹೇಳುತ್ತಾನೆ. ನನ್ನ ಮನೆಯದೇ ತೆಗೆದುಕೊಳ್ಳಿ. ಬಂದವರು ನನ್ನ ಹೆಂಡತಿಗೆ “ಅರಾಮ ಇದ್ದೀರಿಲ್ರಿ ವೈನಿ?” ಅಂದರೆ “ಅರಾಮ ಅದಾಳ್ರಿ” ಅನ್ನುವವನು ಯಾರು? ಇಪ್ಪತ್ತು ವರ್ಷದಿಂದ ಅವಳು ಅರಾಮ ಇದ್ದಾಳೋ ಇಲ್ಲವೋ ಅಂತ ಅವಳ ಬಾಯಿಂದ ಯಾರೂ ಕೇಳಿಲ್ಲ.

ಇದನ್ನೆಲ್ಲ ನಾನು ಯೋಚಿಸಿದ್ದು ಮರುದಿನ ಬೆಳಿಗ್ಗೆ, ಚಿಕ್ಕೋಡಿಗೆ ಹೋಗುವ ಬಸ್ಸಿನಲ್ಲಿ. ಹಿಂದಿನ ದಿನ ಎಸ್ಟೀಡಿ ಬೂತಿನಿಂದ ಸ್ಟುಡಿಯೋಕ್ಕೆ ಫೋನು ಹಚ್ಚಿ ಹಚ್ಚಿ ಬೆರಳು ನೊಂದಿತ್ತು, ಲೈನು ಸಿಕ್ಕಿರಲಿಲ್ಲ. ನಿರ್ದೇಶಕರು ನಾನು ಹೊರಟ ದಿನ ಸಂಜೆಯೇ ಕ್ಯಾಸೆಟ್ಟು ತೆಗೆದುಕೊಂಡು ಬೆಂಗಳೂರಿನ ಬಸ್ಸು ಹತ್ತುವವರಿದ್ದರು. ರಜೆಚೀಟಿ ಬರೆದು ಶಾಲೆಗೆ ಕಳಿಸಿ, ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ನಿಪ್ಪಾಣಿ ಮುಟ್ಟಿದಾಗ ಮಧ್ಯಾಹ್ನ ಮೀರಿತ್ತು. ಆ ಊರಿನ ತಂಬಾಕು ಗೋದಾಮುಗಳ ಘಾಟಿಗೆ ಒಂದರ ಹಿಂದೊಂದು ಸೀನು. ಸೀನುತ್ತಲೇ ಸ್ಟುಡಿಯೋ ಹೊಕ್ಕೆ.

“ಸಾರ್, ಲಾವಣಿ ತಪ್ಪಾಗಿದೆ!” ಅಂದೆ.

ನಿರ್ದೇಶಕರು ಗಾಬರಿಯಿಂದ ನೋಡಿದರು. “ರಾಗ ತಪ್ಪಿದೆಯಾ?”

ರಾಗವಲ್ಲ ಮಹಾರಾಯರೇ, ಅರ್ಥ! ಒಂದೇ ಉಸಿರಿಗೆ ಎಲ್ಲ ಹೇಳಿದೆ. ಹೊಲ, ಗುತ್ತಿಗೆ, ಗೌರವ್ವ, ಧಣಿ. ಅವರು ನಂಬಲಿಲ್ಲ. “ಇಲ್ಲ ಸಾರ್, ನಾನೇ ಇಂಟರ್‌ವ್ಯೂ ಮಾಡಿದ್ದು. ಎಷ್ಟು ಚೆನ್ನಾಗಿ ಕಲೆ ಬಗ್ಗೆ ಮಾತಾಡಿದ್ರು ಆಯಮ್ಮ! ಆಮೇಲೆ ಹೊಲ, ಧಣಿ ಅಂತ ಏನೋ ಹೇಳಿದ್ರು, ಅದು ಬೇರೆ ವಿಷಯ ಅಂತ ಬಿಟ್ಟೆ.” ಅಂದರು.

“ಹಂಗಾದ್ರ ಹಚ್ರಿ ಆ ಟೇಪು. ಆಕಿ ದನಿ ಐತಲ್ಲ ಅದರಾಗ?” ಅಂದೆ. ನಾನು ಸಿಟ್ಟಿಗೆದ್ದರೆ ಪುಸ್ತಕದ ಕನ್ನಡ ನನ್ನನ್ನು ಬಿಟ್ಟು ಹೋಗುತ್ತದೆ.

ಇತ್ತು. ವಾಯ್ಸ್ ಓವರಿನ ಗುಟ್ಟೇ ಅದು. ಕೆಳಗಿನ ದನಿಯನ್ನು ಅಳಿಸಿರುವುದಿಲ್ಲ, ತಗ್ಗಿಸಿರುತ್ತಾರೆ. ಸುಭಾಷ ಒಂದು ಗುಂಡಿ ಕೆಳಗೆಳೆದ, ನನ್ನ ದನಿ ಸತ್ತಿತು. ಇನ್ನೊಂದು ಗುಂಡಿ ಮೇಲಕ್ಕೆ ಸರಿಸಿದ. ಗಾಳಿಯ ಸದ್ದು, ಕಬ್ಬಿನ ಒಣಗರಿಯ ಸರಸರ, ಅದರ ನಡುವೆ ನಿರ್ದೇಶಕರ ದನಿ: “ಅಮ್ಮಾ, ಲಾವಣಿ ಯಾರಿಂದ ಕಲಿತಿರಿ?”

“ಕಲಿಯೂದೇನೈತ್ರಿ? ನಮ್ಮ ಯಜಮಾನ್ರು ಮಾಡ್ತಿದ್ರು. ಅವರು ಹ್ವಾದ ಮ್ಯಾಲ ನಾ ಮಾಡಾಕತ್ತೀನಿ.”

“ಒಳ್ಳೇದು, ಪರಂಪರೆಯಿಂದ ಬಂದಿದೆ. ಒಬ್ಬರೇನಾ, ಮೇಳ ಇದೆಯಾ?”

“ಸುಗ್ಯಾಗ ನಾಕ ಮಂದಿ ಬರ್ತಾರ್ರಿ. ಉಳದದ್ದ ನಾನ ಒಬ್ಬಾಕಿ.”

“ಕಷ್ಟ ಅಲ್ವಾ?”

“ಕಷ್ಟ ಹೌದ್ರಿ. ಆದ್ರ ಒಮ್ಮೆ ಹಚ್ಚಿದ್ರ ಮುಗೀತು. ಕಡದಂಗ ಕಡದಂಗ ಮತ್ತ ಚಿಗೀತೈತಿ.”

“ವಾಹ್! ಕಲೆ ಅಂದ್ರೆ ಹಾಗೇನೇ!”

ಸುಭಾಷ ಕುರ್ಚಿಯಿಂದ ಕೆಳಗೆ ಜಾರಿದ. “ಆಯಲಾ! ಕಬ್ಬ್ರಿ ಅದು, ಕಬ್ಬು!” ನಿರ್ದೇಶಕರ ಮುಖ ಮೊದಲು ಕೆಂಪಾಯಿತು. ಆಮೇಲೆ ಅವರೂ ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆವಾಗಲೇ. ತನ್ನ ಮೇಲೆ ತಾನು ನಗಬಲ್ಲವನು ಅರ್ಧ ತಿದ್ದಿಕೊಂಡ ಹಾಗೆ.

ಆದರೆ ಪೂರ್ತಿ ತಿದ್ದಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. “ಸಾರ್, ಅಪ್ರೂವ್ ಆಗಿರೋ ಸ್ಕ್ರಿಪ್ಟು. ಬೇಕಾದ್ರೆ ಆ ಸಾಲು ತೆಗೆದು ‘ಈ ಮಹಿಳೆ ಕೃಷಿಯಲ್ಲಿ ನಿರತಳು’ ಅಂತ ಓದಿಬಿಡಿ. ಐದು ನಿಮಿಷದ ಕೆಲಸ.”

ನಾನು ಹಾಳೆ ಹಿಡಿದು ಮೈಕ್ ಮುಂದೆ ಹೋಗಿ ನಿಂತೆ. ನಿಜ ಹೇಳುತ್ತೇನೆ, ಓದಿಯೇಬಿಡುತ್ತಿದ್ದೆ. ಮೈಕ್ ಅಂದರೆ ನನಗೆ ಅಷ್ಟು ಆಸೆ. ಆದರೆ ಸುಭಾಷ ಗುಂಡಿಯನ್ನು ಇನ್ನೂ ಇಳಿಸಿರಲಿಲ್ಲ. ಹೆಡ್‌ಫೋನಿನಲ್ಲಿ ಗೌರವ್ವ ಮುಂದಕ್ಕೆ ಮಾತಾಡುತ್ತಲೇ ಇದ್ದಳು. ಏನು ಮಾತಾಡಿದಳು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಕೇಳಿ ಮುಗಿಸಿ ಹೆಡ್‌ಫೋನ್ ತೆಗೆದಿಟ್ಟೆ.

“ನಾನು ಓದುವುದಿಲ್ಲ. ಅವಳೇ ಮಾತಾಡಲಿ.”

“ಆ ಭಾಷೆ ಮೈಸೂರಿನವರಿಗೆ ಅರ್ಥ ಆಗಲ್ಲ ಸಾರ್.”

“ಪುಸ್ತಕದ ಕನ್ನಡ ಸತ್ತಿಯವರಿಗೆ ಅರ್ಥವಾಗುತ್ತದಲ್ಲ? ಅವರು ಕಲಿತರು, ಇವರೂ ಒಂದು ಶಬ್ದ ಕಲಿಯಲಿ. ನನ್ನ ದನಿ ಇಡೀ ಚಿತ್ರದಿಂದ ತೆಗೆದರೂ ಚಿಂತೆಯಿಲ್ಲ, ಇಲ್ಲಿ ಅವಳದು ಇರಬೇಕು.”

ಇದನ್ನು ಹೇಳಿದವನು ನಾನೇನಾ ಅಂತ ನನಗೇ ಅನುಮಾನ ಬಂತು. ನಿರ್ದೇಶಕರು ಗಡಿಯಾರ ನೋಡಿದರು, ಸುಭಾಷನನ್ನು ನೋಡಿದರು. ಸುಭಾಷ ಹೇಳಿದ, “ಸಾಹೇಬ್ರ, ಆ ಹೆಣಮಗಳ ಆವಾಜ ಝಕ್ಕಾಸ ಐತ್ರಿ. ಮಾಸ್ತರರದ್ದಕ್ಕಿಂತ ಛಲೋ ಐತಿ.” (ಇಷ್ಟು ಹೇಳುವ ಅಗತ್ಯ ಇರಲಿಲ್ಲ.) ಕೊನೆಗೆ ನನಗೆ ಎರಡು ಸಾಲು ಉಳಿದವು: “ಇವರು ಸತ್ತಿಯ ಗೌರವ್ವ. ಬೇರೆಯವರ ಹೊಲವನ್ನು ಗುತ್ತಿಗೆಗೆ ಹಿಡಿದು ಬೆಳೆ ತೆಗೆಯುವುದಕ್ಕೆ ಇಲ್ಲಿ ಲಾವಣಿ ಎನ್ನುತ್ತಾರೆ.” ದನಿ ನಡುಗಿಸಲಿಲ್ಲ. ಓದಿ ಸುಮ್ಮನಾದೆ. ಸಂಜೆಯ ಬಸ್ಸಿಗೆ ಕ್ಯಾಸೆಟ್ಟು ಹೋಯಿತು.

ಇನ್ನು ಗುರುವಾರ.

ಅಪ್ಪಾಸಾಹೇಬರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಟೀವಿ. ನಾನು ಅಥಣಿಯಿಂದ ಹೋಗಿ ಕಂಬಕ್ಕೆ ಒರಗಿ ಕುಳಿತೆ. ಗೌರವ್ವ ಮಗಳ ಜೊತೆ ಬಾಗಿಲ ಬಳಿ ಕುಳಿತಿದ್ದಳು, ಹೊಸ ಇಳಕಲ್ ಸೀರೆಯುಟ್ಟು. ಅಪ್ಪಾಸಾಹೇಬರು ಕೆಟ್ಟವರಲ್ಲ. ಬಂದವರಿಗೆಲ್ಲ ಚಹಾ ಕೊಡಿಸಿದರು. ಕೆಟ್ಟವರಲ್ಲದವರು ಮಾತು ಕೇಳುತ್ತಾರೆ ಅಂತೇನೂ ಇಲ್ಲವಲ್ಲ?

ಕಾರ್ಯಕ್ರಮ ಶುರುವಾಗುವುದಕ್ಕೂ ಗಾಳಿ ಬೀಸುವುದಕ್ಕೂ ಸರಿಹೋಯಿತು. ಪರದೆಯ ತುಂಬ ಅಕ್ಕಿ ಚೆಲ್ಲಿದ ಹಾಗೆ ಚುಕ್ಕೆ. ಅಪ್ಪಾಸಾಹೇಬರಿಗೆ ತಮ್ಮ ಆಂಟೆನಾ ಇನ್ನೊಬ್ಬರು ಮುಟ್ಟುವುದು ಆಗಿಬರುವುದಿಲ್ಲ. ಧೋತರ ಎತ್ತಿಕಟ್ಟಿ ತಾವೇ ಮಾಳಿಗೆ ಹತ್ತಿದರು.

“ಬಂತೇನ್ರೋ?”

“ಬಂತ್ರಿ! ಹೋತ್ರಿ! ಬಂತು, ಬಂತು! ಹಂಗ ಹಿಡ್ಕೊಂಡ ನಿಂದರ್ರಿ ಧಣ್ಯಾರ, ಬಿಟ್ರ ಹೊಕ್ಕೈತಿ!”

“ಹಂಗಾರ ಆವಾಜ ಜೋರ ಇಡ್ರಿ! ನನಗೂ ಕೇಳಬೇಕು!”

ಯಾರೋ ಆವಾಜನ್ನು ಕೊನೆಗೆ ಮುಟ್ಟಿಸಿದರು. ಹೀಗೆ ಇಡೀ ಊರು ಗೌರವ್ವನನ್ನು ನೋಡುತ್ತಿದ್ದಾಗ, ಯಾರು ಕೇಳಬೇಕಿತ್ತೋ ಅವರು ಮಾಳಿಗೆಯ ಮೇಲೆ ಕಬ್ಬಿಣದ ಪೈಪು ಅಪ್ಪಿಕೊಂಡು ನಿಂತಿದ್ದರು. ಎದ್ದು ಹೋಗುವ ಹಾಗಿಲ್ಲ, ಬಿಡುವ ಹಾಗಿಲ್ಲ. ಅವರಿಗೆ ಚಿತ್ರವಿಲ್ಲ, ಬರೀ ದನಿ.

ನನ್ನ ಎರಡು ಸಾಲು ಬಂದು ಹೋದವು. ಯಾರೂ ಗಮನಿಸಲಿಲ್ಲ. ಆಮೇಲೆ ಗೌರವ್ವ ಮಾತಾಡಿದಳು.

“ಹೊಲಾ ಧಣ್ಯಾರದ, ಖರೆ. ಬೆವರ ನಂದು. ಗಂಡಸರಿಲ್ಲದ ಮನಿ, ಲಾವಣಿ ಸಾಗೂದಿಲ್ಲ ಅಂತಾರ್ರಿ. ಯಾಕ ಸಾಗೂದಿಲ್ಲ? ಕಬ್ಬಿಗೆ ಗೊತ್ತೇನ್ರಿ, ನೀರ ಹಾಯಿಸಿದಾವ್ರು ಗಂಡಸೋ ಹೆಂಗಸೋ ಅಂತ? ಬರ್ರಿ, ಬಂದ ಬದುವಿನ ಮ್ಯಾಲ ನಿಂದರ್ರಿ. ಆ ಕಡೆದ್ದ ಧಣ್ಯಾರ ಮನಿ ಕಬ್ಬು, ಈ ಕಡೆದ್ದ ನಂದು. ಯಾರ ಕಬ್ಬಿನ ಗಳ ದಪ್ಪ ಅದಾವ ನೀವ ನೋಡ್ರಿ. ನಾ ಯಾಕ ಹೇಳ್ಲಿ?”

ಕ್ಯಾಮೆರಾ ಅವಳ ಕೈ ತೋರಿಸಿದ ಕಡೆ ತಿರುಗಿತು. ಈ ಕಡೆ ಆಳೆತ್ತರ ದಾಟಿದ ಕಪ್ಪುಹಸಿರು. ಆ ಕಡೆ... ಬೇಡ ಬಿಡಿ, ಅಪ್ಪಾಸಾಹೇಬರ ಚಹಾ ಕುಡಿದಿದ್ದೇನೆ.

ಆಮೇಲೆ ಹೆಂಗಸರ ಕಡೆಯಿಂದ ಚಪ್ಪಾಳೆ ಶುರುವಾಯಿತು ನೋಡಿ! ಗಂಡಸರೂ ಸೇರಿದರು. ಒಬ್ಬ ಸೀಟಿಯೂ ಹೊಡೆದ. ಗೌರವ್ವನ ಮಗಳು ಅಳುತ್ತಿದ್ದಳು, ನಗುತ್ತಿದ್ದಳು. ನಾನೂ ಚಪ್ಪಾಳೆ ತಟ್ಟಿದೆ. ಇಷ್ಟು ವರ್ಷ ಮೈಕ್ ಹಿಡಿದಿದ್ದೇನೆ, ನನ್ನ ಎಷ್ಟೋ ಭಾಷಣಕ್ಕೆ ಚಪ್ಪಾಳೆ ಬಿದ್ದಿದೆ. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಬಿದ್ದ ಚಪ್ಪಾಳೆ ಇದೊಂದೇ, ಮತ್ತು ಇದರಷ್ಟು ಖುಷಿ ಬೇರೆ ಯಾವುದೂ ಕೊಟ್ಟಿಲ್ಲ.

ಅಪ್ಪಾಸಾಹೇಬರು ಮಾಳಿಗೆ ಇಳಿದು ಬಂದರು. ಅಂಗೈಗೆ ತುಕ್ಕು, ಧೋತರಕ್ಕೆ ಧೂಳು. ಟೀವಿ ಮತ್ತೆ ಅಕ್ಕಿ ಚೆಲ್ಲತೊಡಗಿತ್ತು, ಯಾರಿಗೂ ಅದರ ಖಬರಿರಲಿಲ್ಲ. ಅವರ ಹೆಂಡತಿ ಗಾಬರಿಯಿಂದ ಮುಂದೆ ಬಂದು, “ಆಕಿ ಹಂಗ ಅನ್ನಬೇಕಂತ ಅಂದಿಲ್ರಿ, ಆಕಿ ಹೇಳಿದ್ದೇನಂದ್ರ...” ಅಂತ ಶುರು ಮಾಡಿದರು.

ಗೌರವ್ವ ಎದ್ದು ನಿಂತಳು. “ತಡೀರಿ ಅವ್ವಾರ. ನಂದ ನಾನ ಹೇಳ್ತೀನಿ.”

“ಮತ್ತೇನ ಹೇಳ್ತೀಯವಾ? ಮ್ಯಾಲ ನಿಂತ ಎಲ್ಲಾ ಕೇಳೀನಿ” ಅಂದರು ಅಪ್ಪಾಸಾಹೇಬರು. ಹೆಗಲ ಮೇಲಿನ ಸೆಲ್ಲೆಯಿಂದ ಕೈ ಒರೆಸಿಕೊಂಡರು. ಎಲ್ಲರ ಮುಖ ನೋಡಿದರು. “ಹೊಲಾ ನೀನ ಮಾಡು. ಮುಂದಿನ ಲಾವಣೀನೂ ನಿಂದ. ನಾಳೆ ಬದುವಿನ ಆ ಕಡೆನೂ ಬಂದ ನೋಡು, ನಮ್ಮ ಕಬ್ಬಿಗೆ ಏನ ಆಗೈತಿ ಹೇಳು.”

ಮತ್ತೆ ಚಪ್ಪಾಳೆ. ಈ ಸಲ ಗಂಡಸರ ಕಡೆಯಿಂದಲೇ ಮೊದಲು.

ಧಣಿಗೆ ಸ್ವಲ್ಪ ನೋವಾಗಿತ್ತು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಕುರ್ಚಿ ಎಳೆದು ಕುಳಿತು ಮೆತ್ತಗೆ ಕೇಳಿದರು, “ಅಲ್ಲ ಗೌರವ್ವ, ಬೆಂಗಳೂರ ತನಕ ಹೇಳೂಕಿಂತ ಮೊದಲ ನನಗೊಂದ ಮಾತ ಹೇಳಬಾರ್ದಾಗಿತ್ತೇನು?”

ಗೌರವ್ವ ಸೆರಗು ಸರಿಮಾಡಿಕೊಂಡಳು.

“ಏಳ ವರ್ಷದಿಂದ ಹೇಳಾಕತ್ತೀನ್ರಿ ಧಣ್ಯಾರ. ಇವತ್ತ ಆವಾಜ ಜೋರ ಇತ್ತು.”